ಅಕ್ಕಿ ಚೀಲದಲ್ಲಿ ಬಂದ ಬೆಕ್ಕು

ಇಂದು ಬೆಳಿಗ್ಗೆ ನಮ್ಮ ಬೆಕ್ಕು ಕರಿಯನಿಗೆ ಜಂತುಹುಳುವಿನ ಔಷಧಿ ತರಲೆಂದು ರಾಯಚೂರಿನ ಪಶು ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ ಹತ್ತಿದ ಸಿಟ್ಟು ಮಧ್ಯಾಹ್ನದ ಊಟವಾದರೂ ಇಳಿದಿಲ್ಲ. ಹಿರಿಯರೊಬ್ಬರು ಸೋನಾ ಮಸೂರಿಯ 25 ಕೆ.ಜಿ. ಪ್ಲಾಸ್ಟಿಕ್ ಚೀಲವನ್ನು ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದರು. ಬಾಯಿಗೆ ಸುತಳಿ ಬಿಗಿದಿದ್ದ ಆ ಚೀಲದೊಳಗೆ ಇದ್ದುದು ಬೆಕ್ಕು. ನಲವತ್ತು ಡಿಗ್ರಿ ದಾಟುವ ನಮ್ಮೂರ ಬಿಸಿಲಿನಲ್ಲಿ, ಗಾಳಿಯಾಡದ ಚೀಲದಲ್ಲಿ! ಬಿಚ್ಚಿದಾಗ ಅದು ನಾಯಿಯಂತೆ ಬಾಯಿ ತೆರೆದು ತೇಕುತ್ತಿತ್ತು. ಬೆಕ್ಕು ಹಾಗೆ ತೇಕುತ್ತಿದೆಯೆಂದರೆ ಧಗೆಯೋ ಭಯವೋ ಕಾಯಿಲೆಯೋ ಮಿತಿಮೀರಿದೆ ಎಂದೇ ತಿಳಿಯಬೇಕು.

"ಬೆಕ್ಕು ರೀ ಅದು, ಏನೂ ಆಗಂಗಿಲ್ಲ ಬಿಡ್ರಿ" ಎನ್ನುತ್ತಲೇ ಅವರು ಅದರ ಹೆಕ್ಕತ್ತು ಹಿಡಿದು ಮೇಲೆತ್ತಿದರು. ನಾನು ತಡೆದಾಗ, ತಾಯಿ ಬೆಕ್ಕು ಮರಿಯನ್ನು ಕತ್ತು ಕಚ್ಚಿಯೇ ಒಯ್ಯುವುದಿಲ್ಲವೇ ಎಂದು ಕೇಳಿದರು. ತಾಯಿ ಕಚ್ಚಿ ಒಯ್ಯುವ ಮರಿಯಂತೆ ದೇವರಿಗೆ ತನ್ನನ್ನು ಒಪ್ಪಿಸಿಬಿಡುವ ಮಾರ್ಜಾಲ ಕಿಶೋರ ನ್ಯಾಯ ಭಕ್ತರಿಗೆ ಸರಿ. ಆದರೆ ಅಲ್ಲಿ ಕತ್ತು ಹಿಡಿಯುವುದು ತಾಯಿ, ನೇತಾಡುವುದು ಅಂಗೈಯಗಲದ ಮರಿ. ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕು ಕತ್ತು ಹಿಡಿದು ಎತ್ತಿದಾಗ ಸುಮ್ಮನಾಗುವುದು ಒಪ್ಪಿಗೆಯಿಂದಲ್ಲ, ಹೆದರಿಕೆಯಿಂದ.

ಹೀಗೆ ಉಪದೇಶಿಸುವ ನಾನೇನೂ ಹುಟ್ಟಾ ಜಾಣನಲ್ಲ. ಕೆಲವು ವರ್ಷಗಳ ಹಿಂದೆ ಹಿಂದಿನ ಬೆಕ್ಕನ್ನು ಕೈಚೀಲಕ್ಕೆ ತುರುಕಲು ಹೋಗಿ ಹೆಬ್ಬೆರಳನ್ನು ಕಚ್ಚಿಸಿಕೊಂಡು, ಅದಕ್ಕೆ ಲಸಿಕೆಯನ್ನೇ ಹಾಕಿಸದ ತಪ್ಪಿಗೆ 0, 3, 7, 28ನೆಯ ದಿನಗಳಂದು ರೇಬೀಸ್ ಚುಚ್ಚುಮದ್ದು ತೆಗೆದುಕೊಂಡವನು. ಆ ಬೆಕ್ಕು ಮತ್ತೆಂದೂ ನನ್ನ ಮಡಿಲಿಗೆ ಬರಲಿಲ್ಲ. ಇದನ್ನು ಮನೆಯವರಿಗೂ ಹೇಳಿಲ್ಲ.

ಬಡವರ ಮನೆಗೆ ಬೆಕ್ಕನ್ನು ಒಯ್ಯುವ ದುಬಾರಿ ಬುಟ್ಟಿ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ದುಬಾರಿಯದ್ದು ಬೇಕೆಂದವರಾರು? ತೂತುಗಳಿರುವ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೊಂದು ಕವುಚಿ ಹಗ್ಗದಿಂದ ಬಿಗಿದರೂ ಸಾಕು. ಖರ್ಚಾಗಬೇಕಾದದ್ದು ಹಣವಲ್ಲ, ವ್ಯವಧಾನ. ಬುಟ್ಟಿಯನ್ನು ಹೊರಡುವ ದಿನ ಅಟ್ಟದಿಂದ ಇಳಿಸಿದರೆ ಬೆಕ್ಕು ಮಂಚದಡಿ ಸೇರುತ್ತದೆ. ವಾರ ಮುಂಚೆಯೇ ಅದರ ಹಳೆಯ ಬಟ್ಟೆ ಹಾಸಿ, ಬಾಯಿ ತೆರೆದಿಟ್ಟು, ಊಟವನ್ನು ಅಲ್ಲೇ ಬಡಿಸುತ್ತಿದ್ದರೆ ತಾನಾಗಿ ಒಳಹೋಗಿ ಮಲಗುತ್ತದೆ. ಅಷ್ಟಾದರೂ ಹಟ ಮಾಡಿದರೆ, ದಪ್ಪ ಟವೆಲ್ಲನ್ನು ಮೇಲೆ ಹೊದಿಸಿ, ಕಾಲುಗಳು ಒಳಗೇ ಉಳಿಯುವಂತೆ ಸುತ್ತಿ, ಎದೆಗೂ ಹಿಂಗಾಲಿಗೂ ಕೈಯಾಸರೆ ಕೊಟ್ಟು, ಹಿಂಭಾಗವನ್ನು ಮೊದಲು ಇಳಿಸಬೇಕು. ಗಾಳಿಗೆ ಎಡೆಬಿಟ್ಟು ಬುಟ್ಟಿಯ ಮೇಲೊಂದು ತೆಳುಬಟ್ಟೆ ಹೊದಿಸಿದರೆ ಆಸ್ಪತ್ರೆಯ ನಾಯಿಗಳೂ ಕಣ್ಣಿಗೆ ಬೀಳುವುದಿಲ್ಲ. ತೀರಾ ಹೆದರುವ ಬೆಕ್ಕಿಗೆ ಹೊರಡುವ ಮೊದಲು ಕೊಡಲು ವೈದ್ಯರು ಗ್ಯಾಬಪೆಂಟಿನ್ ಎಂಬ ಭಯ ತಗ್ಗಿಸುವ ಔಷಧಿ ಬರೆದುಕೊಡುವುದೂ ಉಂಟು. ನಮ್ಮ ಮಾತ್ರೆಯನ್ನು ಅರ್ಧ ಮುರಿದು ಹಾಕುವ ಪಾಂಡಿತ್ಯ ಮಾತ್ರ ಬೇಡ.

ಇದಿಷ್ಟನ್ನೂ ಆ ಹಿರಿಯರಿಗೆ ಹೇಳಿದೆ. ತಾಳ್ಮೆಯಿಂದಲೇ ಕೇಳಿದರು. ಚಿಕಿತ್ಸೆ ಮುಗಿದ ಮೇಲೆ ಬೆಕ್ಕನ್ನು ಅದೇ ಚೀಲಕ್ಕೆ ಇಳಿಸಿ, ನನ್ನ ಮುಖ ನೋಡಿ, ಸುತಳಿಯನ್ನು ಈ ಸಲ ಸ್ವಲ್ಪ ಸಡಿಲವಾಗಿ ಕಟ್ಟಿದರು.