ಮೊಸರಿಗೂ ಒಂದು ಕಾಲಂ

ನಮ್ಮ ವಾರ್ಡಿನ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಯಾವಾಗಲೂ ಇರುತ್ತದೆ. ಮೇಲೆ ಚೀಟಿ ಅಂಟಿಸಿದ್ದಾರೆ: ಪಟ್ಟಿಗೆ ಮಾತ್ರ, ತಿನ್ನಬೇಡಿ. ಒಳಗಿರುವುದು ಮೊಸರು. ನೀರು ಬಸಿದು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಮಾಡಿದ್ದು. ಜರ್ಮನ್ನರು ಇದನ್ನು ಕ್ವಾರ್ಕ್ ಅನ್ನುತ್ತಾರೆ.

ಜರ್ಮನಿಯ ಬವೇರಿಯಾದ ಈ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದ ಹೊಸದು. ಮಂಡಿ ಊದಿ, ಬಿಸಿಯಾಗಿ, ಕಾಲು ಮಡಚಲಾಗದೆ ಅಜ್ಜಿಯೊಬ್ಬರು ಮಲಗಿದ್ದರು. ಹಿರಿಯ ನರ್ಸ್ ಬಂದು ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ‘ಮಂಡಿಗೆ ಹಚ್ಚಬೇಕು, ಬಾ’ ಅಂದರು. ಹೊಸಬನನ್ನು ಆಟ ಆಡಿಸುತ್ತಿದ್ದಾರೆ ಅಂದುಕೊಂಡೆ. ಊಹೂಂ. ಅವರು ಒಂದು ಬಟ್ಟೆ ಹಾಸಿ, ಮೊಸರನ್ನು ಬೆರಳು ದಪ್ಪ ಸವರಿ, ನಾಲ್ಕೂ ಕಡೆಯಿಂದ ಮಡಚಿದರು. ಅದರ ತಣ್ಣನೆ ಸ್ವಲ್ಪ ಹೋಗಲಿ ಅಂತ ಮೊದಲೇ ಹೊರಗೆ ಇಟ್ಟಿದ್ದರಂತೆ. ಮಂಡಿಯ ಚರ್ಮದಲ್ಲಿ ಎಲ್ಲೂ ಗಾಯ ಇಲ್ಲ ಅಂತ ಬೆರಳಾಡಿಸಿ ನೋಡಿದರು. ಆಮೇಲೆ ಇಟ್ಟರು. ಇಪ್ಪತ್ತು ನಿಮಿಷ. ಒಣಗಿ ಚರ್ಮಕ್ಕೆ ಅಂಟುವ ಮೊದಲು ತೆಗೆಯಬೇಕು.

ಇಷ್ಟಾದರೆ ನಗು ಬರುತ್ತಿತ್ತು, ಅಷ್ಟೇ. ಆದರೆ ಅವರು ನೇರ ಹೋಗಿ ಕಂಪ್ಯೂಟರ್ ಮುಂದೆ ಕೂತರು. ಇಟ್ಟ ಹೊತ್ತು, ತೆಗೆದ ಹೊತ್ತು, ಚರ್ಮದ ಬಣ್ಣ ಮೊದಲು ಹೇಗಿತ್ತು, ಆಮೇಲೆ ಹೇಗಿತ್ತು, ನೋವು ಹತ್ತರಲ್ಲಿ ಎಷ್ಟಿತ್ತು, ಎಷ್ಟಾಯಿತು. ಎಲ್ಲವನ್ನೂ ಹೊಡೆದರು. ಮೇಲಿನ ಸಾಲಿನಲ್ಲಿ ಪ್ಯಾರಾಸಿಟಮಾಲ್, ಕೆಳಗಿನ ಸಾಲಿನಲ್ಲಿ ಮೊಸರು. ಆಗ ನನಗೆ ಎಲ್ಲೋ ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ.

ಕೊಡಗಿನಲ್ಲಿ ಹುಟ್ಟಿದವನಿಗೆ ಮದ್ದು ಹೊಸದಲ್ಲ. ಕೆಮ್ಮಿದರೆ ಒಳ್ಳೆಮೆಣಸಿನ ಕಷಾಯ, ಮಗುವಿಗೆ ಶೀತ ಆದರೆ ದೊಡ್ಡಪತ್ರೆ, ಕಾಮಾಲೆ ಅಂದ ಕೂಡಲೇ ನೆಲನೆಲ್ಲಿ. ಕೈ ಉಳುಕಿದರೆ ಎಣ್ಣೆ ತಿಕ್ಕುವವರು ಪಕ್ಕದ ಊರಲ್ಲೇ ಇರುತ್ತಾರೆ. ಕುಶಾಲನಗರದ ಕಡೆಯವರು ಬೈಲಕುಪ್ಪೆಗೆ ಹೋಗಿ ಟಿಬೆಟನ್ ಡಾಕ್ಟರಿಗೆ ನಾಡಿ ತೋರಿಸಿ, ಗೋಲಿಯಂಥ ಕಪ್ಪು ಮಾತ್ರೆ ಕಟ್ಟಿಸಿಕೊಂಡು ಬರುತ್ತಾರೆ. ಆ ಸೋವಾ ರಿಗ್ಪಾ ಪದ್ಧತಿಗೆ ನಮ್ಮ ಸರ್ಕಾರ 2010ರಲ್ಲೇ ಕಾನೂನಿನ ಮಾನ್ಯತೆ ಕೊಟ್ಟಿದೆ. 2014ರಲ್ಲಿ ಆಯುಷ್‌ಗೆ ಅಂತಲೇ ಪ್ರತ್ಯೇಕ ಸಚಿವಾಲಯ ಬಂತು. ಕಾಗದದ ಮೇಲೆ ನೋಡಿದರೆ ಜರ್ಮನಿಗಿಂತ ನಾವೇ ಮುಂದೆ.

ನಮ್ಮೂರ ಕಡೆಯ ವಾರ್ಡಿನೊಳಗೆ ಬನ್ನಿ. ಅಲ್ಲಿ ಪ್ರಶ್ನೆ ಹೀಗೆ ಬರುತ್ತದೆ: ‘ಏನಾದ್ರೂ ಸೊಪ್ಪು ಗಿಪ್ಪು ಕೊಟ್ರಾ?’ ಆ ಗಿಪ್ಪು ಅನ್ನುವಾಗ ಹುಬ್ಬು ಗಂಟಿಕ್ಕಿರುತ್ತದೆ. ಉತ್ತರವೂ ಯಾವಾಗಲೂ ಒಂದೇ: ‘ಇಲ್ಲ ಸಿಸ್ಟರ್.’ ಕಷಾಯದ ಫ್ಲಾಸ್ಕ್ ಮಂಚದ ಕೆಳಗೆ, ಚಪ್ಪಲಿಯ ಹಿಂದೆ ಇರುತ್ತದೆ. ಸಿಸ್ಟರ್‌ಗೂ ಅದು ಗೊತ್ತು. ಅವರಿಗೆ ಗೊತ್ತು ಅಂತ ಮನೆಯವರಿಗೂ ಗೊತ್ತು. ಕೇಸ್ ಶೀಟಿಗೆ ಮಾತ್ರ ಗೊತ್ತಿಲ್ಲ.

ನನ್ನ ದೊಡ್ಡಪ್ಪನ ಕಥೆ ಕೇಳಿ. ಪ್ರಾಸ್ಟೇಟ್ ಆಪರೇಷನ್ನಿಗೆ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೊದಲು ಕೆಂಪಾಗಿ ಬರುತ್ತಿದ್ದ ಮೂತ್ರ ತಿಳಿಯಾಯಿತು. ನಾಳೆ ಮನೆಗೆ ಹೋಗಬಹುದು ಅಂದರು. ಮರುದಿನ ಬೆಳಿಗ್ಗೆ ನೋಡಿದರೆ ಯೂರಿನ್ ಬ್ಯಾಗ್ ಕೆಂಪು. ಸಾಧಾರಣ ಕೆಂಪಲ್ಲ, ಮದುವೆ ಸೀರೆಯ ಕೆಂಪು. ಒಳಗೆ ಮತ್ತೆ ರಕ್ತ ಒಡೆದಿದೆ ಅಂತ ಎಲ್ಲರೂ ಓಡಾಡಿದರು. ಡಿಸ್ಚಾರ್ಜ್ ನಿಂತಿತು. ಮೂತ್ರಕೋಶ ತೊಳೆದರು, ರಕ್ತ ತೆಗೆದು ಕಳಿಸಿದರು, ಸ್ಕ್ಯಾನ್‌ಗೆ ಬರೆದರು. ದೊಡ್ಡಪ್ಪ ಪಾಪ ತಾನು ಇನ್ನೇನು ಹೋದೆ ಅಂತ ತೋಟದ ಲೆಕ್ಕ ಹೇಳಲು ಶುರು ಮಾಡಿದರಂತೆ.

ಅಣ್ಣ ಗಾಬರಿಯಲ್ಲಿ ನನಗೆ ಫೋನ್ ಮಾಡಿದ. ತಾರೀಕು ನೋಡಿದೆ. ಆಗಸ್ಟ್ 4.

‘ನಿನ್ನೆ ಆಟಿ 18 ಅಲ್ವಾ? ದೊಡ್ಡಮ್ಮ ಪಾಯಸ ತಂದಿದ್ರಾ ಕೇಳು.’

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ರಸದ ಪಾಯಸ ಮಾಡುತ್ತಾರೆ; ಕುಡಿದರೆ ಮೂತ್ರ ಕೆಂಪಾಗುತ್ತದೆ. ದೊಡ್ಡಮ್ಮ ತಂದಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ, ಟಿಫಿನ್ ಕ್ಯಾರಿಯರ್ ತಳದ ಡಬ್ಬಿಯಲ್ಲಿ, ಮೇಲೆ ಇಡ್ಲಿ ಮುಚ್ಚಿ. ಎರಡು ಲೋಟ ಕುಡಿಸಿದ್ದರು. ಆ ಬ್ಯಾಗ್ ನೋಡಿದ ಕೂಡಲೇ ಅವರಿಗೆ ಅರ್ಥ ಆಗಿತ್ತು. ಕೊಡಗಿನ ಯಾವ ಹೆಂಗಸಿಗೆ ಅರ್ಥ ಆಗುವುದಿಲ್ಲ? ಆದರೆ ಬಾಯಿ ಬಿಡಲಿಲ್ಲ. ಯಾಕೆಂದರೆ ಎರಡು ದಿನ ಮೊದಲು ಜೀರಿಗೆ ಕಷಾಯದ ಫ್ಲಾಸ್ಕ್ ಹಿಡಿದುಕೊಂಡಿದ್ದಕ್ಕೆ ನರ್ಸ್ ಒಬ್ಬರು ವಾರ್ಡಿಗೆಲ್ಲ ಕೇಳುವಂತೆ ಬೈದಿದ್ದರು. ‘ಇಲ್ಲಿ ನಿಮ್ಮ ಕಾಡಿನ ವೈದ್ಯ ಎಲ್ಲ ನಡೆಯಲ್ಲ’ ಅಂತ. ಲ್ಯಾಬ್ ವರದಿ ಬಂತು. ಅಷ್ಟು ಕೆಂಪಾಗುವಷ್ಟು ರಕ್ತ ಮೂತ್ರದಲ್ಲಿ ಇಲ್ಲ. ಸೊಪ್ಪಿನ ಬಣ್ಣ, ಅಷ್ಟೇ. ಎರಡು ದಿನ ಜಾಸ್ತಿ ಮಲಗಿಸಿದ ಬಿಲ್ ಮಾತ್ರ ನಿಜವಾಗಿಯೂ ಬಂತು.

ಇದೇ ಇಲ್ಲಿಯ ವಾರ್ಡಿನಲ್ಲಿ ಆಗಿದ್ದರೆ? ಮೂತ್ರ ಕೆಂಪಾದರೆ ಇವರು ಪರೀಕ್ಷೆಗಂತೂ ಕಳಿಸುತ್ತಾರೆ. ಜೊತೆಗೇ ಕೇಳುತ್ತಾರೆ: ‘ನಿನ್ನೆ ಬೀಟ್‌ರೂಟ್ ತಿಂದ್ರಾ?’ ದನಿ ಏರಿಸದೆ, ಎಷ್ಟು ಗಂಟೆಗೆ ನಿದ್ದೆ ಬಂತು ಅಂತ ಕೇಳಿದ ಹಾಗೆ. ರೋಗಿ ಸೇರುವಾಗ ತುಂಬುವ ಫಾರಂನಲ್ಲೇ ಒಂದು ಪ್ರಶ್ನೆ ಇದೆ. ಡಾಕ್ಟರು ಬರೆದುಕೊಡದ ಏನನ್ನು ತೆಗೆದುಕೊಳ್ಳುತ್ತೀರಿ? ಗಿಡದ ಚಹಾ, ಎಣ್ಣೆ, ಮನೆಮದ್ದು, ಅಂಗಡಿಯ ಮಾತ್ರೆ, ಎಲ್ಲ.

ಇದನ್ನು ಗಿಡಮೂಲಿಕೆಯ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ಇದು ಲೆಕ್ಕ. ಇಲ್ಲಿ ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಹಳದಿ ಹೂವಿನ ಗಿಡ ಇದೆ. ಮನಸ್ಸಿಗೆ ಬೇಸರ ಅಂತ ಅದರ ಮಾತ್ರೆ ನುಂಗುವವರು ತುಂಬಾ ಜನ. ಅದು ಗರ್ಭನಿರೋಧಕ ಮಾತ್ರೆಯ ಬಲ ಇಳಿಸುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರ ಮದ್ದನ್ನೂ ಹಾಳು ಮಾಡುತ್ತದೆ. ರಕ್ತ ತೆಳುವಾಗಲು ಕೊಡುವ ವಾರ್ಫರಿನ್ ಜೊತೆಗೂ ಆಗದು. ಕೇಳದೆ ಹೋದರೆ ಯಾರಿಗೆ ಗೊತ್ತಾಗುತ್ತದೆ? ನಮ್ಮಲ್ಲಿ ಇದಕ್ಕೆ ಸಮ ಇಲ್ಲವೇ? ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ ದಿನಾ ಹಾಗಲಕಾಯಿ ರಸ ಕುಡಿದು ಬೆವರಿ ಬೀಳುವವರು ಪ್ರತಿ ಊರಲ್ಲೂ ಇದ್ದಾರೆ. ಕೋವಿಡ್ ಹೊತ್ತಿನಲ್ಲಿ ಎಲ್ಲರೂ ಅಮೃತಬಳ್ಳಿ ಕುದಿಸಿ ಕುಡಿದೆವು, ನೆನಪಿದೆಯಾ? ಹಾಗೆ ಕುಡಿದ ಆರು ಜನಕ್ಕೆ ಲಿವರ್ ತೊಂದರೆ ಆಯಿತು ಅಂತ ಮುಂಬೈಯ ಡಾಕ್ಟರುಗಳು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅವರವರೇ ಜಗಳ ಆಡಲಿ. ಆದರೆ ಮುಂಬೈಯವರು ರೋಗಿ ಏನು ಕುಡಿದ ಅಂತ ಕೇಳಿದ್ದರಿಂದ ತಾನೇ ಜಗಳಕ್ಕಾದರೂ ಒಂದು ವಿಷಯ ಸಿಕ್ಕಿದ್ದು?

ಮದ್ದನ್ನು ಹೀಗೇ ಮಾಡಬೇಕು ಅಂತ ಇವರು ಕಲಿಸುವುದನ್ನು ನೋಡಿದರೂ ನನಗೆ ಹೊಟ್ಟೆಕಿಚ್ಚು. ಜ್ವರ ಬಂದರೆ ನಮ್ಮಜ್ಜಿ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು. ಇವರು ಕಾಲಿನ ಮೀನಖಂಡಕ್ಕೆ ಸುತ್ತುತ್ತಾರೆ. ಆದರೆ ಮೊದಲು ಪಾದ ಮುಟ್ಟಿ ನೋಡಬೇಕು. ಪಾದ ತಣ್ಣಗಿದ್ದರೆ, ರೋಗಿ ನಡುಗುತ್ತಿದ್ದರೆ ಸುತ್ತಲೇಬಾರದು. ನೀರು ಐಸ್ ಹಾಗೆ ಇರಬಾರದು, ಮೈಬಿಸಿಗಿಂತ ಸ್ವಲ್ಪ ಕಡಿಮೆ ಸಾಕು. ಮೇಲೆ ಪ್ಲಾಸ್ಟಿಕ್ ಮುಚ್ಚಬಾರದು. ಬಟ್ಟೆ ಬೆಚ್ಚಗಾದ ಕೂಡಲೇ ಬದಲಿಸಬೇಕು. ನರ್ಸಿಂಗ್ ಕಲಿಯುವ ಹುಡುಗಿಯರು ಇದನ್ನು ಒಬ್ಬರ ಕಾಲಿಗೆ ಒಬ್ಬರು ಸುತ್ತಿ ಕಲಿಯುತ್ತಾರೆ. ನಮ್ಮ ಕಾಲೇಜಿನಲ್ಲಿ ಪರ್ಯಾಯ ಚಿಕಿತ್ಸೆ ಅಂತ ಒಂದು ಪಾಠ ಇತ್ತು. ಐದು ಮಾರ್ಕಿನ ಪ್ರಶ್ನೆ ಬರುತ್ತದೆ ಅಂತ ಹೆಸರುಗಳನ್ನು ಬಾಯಿಪಾಠ ಮಾಡಿ ಬಿಟ್ಟೆವು.

ಇವರ ಹುಚ್ಚೂ ಕಡಿಮೆ ಏನಲ್ಲ ಬಿಡಿ. ಸೆಬಾಸ್ಟಿಯನ್ ಕ್ನೈಪ್ ಅಂತ ಒಬ್ಬ ಪಾದ್ರಿ ಇದ್ದ, 1821ರಿಂದ 1897ರವರೆಗೆ ಬದುಕಿದ್ದವನು. ಇದೇ ಬವೇರಿಯಾದ ಬಾಡ್ ವೋರಿಸ್‌ಹೋಫನ್‌ನಲ್ಲಿ ತಣ್ಣೀರಿನ ಚಿಕಿತ್ಸೆಯಿಂದಲೇ ಹೆಸರು ಮಾಡಿದ. ಇವತ್ತಿಗೂ ಜನ ದುಡ್ಡು ಕೊಟ್ಟು ಬಂದು, ಮಂಡಿಯವರೆಗೆ ತಣ್ಣೀರಿನಲ್ಲಿ ಕೊಕ್ಕರೆ ಥರ ಕಾಲೆತ್ತಿ ಕಾಲೆತ್ತಿ ನಡೆಯುತ್ತಾರೆ. ಆಟಿ ತಿಂಗಳ ನಾಟಿ ಗದ್ದೆಯಲ್ಲಿ ನಮ್ಮವರು ಇದನ್ನು ಕೂಲಿ ತಗೊಂಡು ಮಾಡುತ್ತಾರೆ! ಜಿಗಣೆಯ ಕಥೆ ಇನ್ನೂ ಚೆಂದ. ಮಂಡಿ ಸವೆದವರಿಗೆ ಇಲ್ಲಿ ಜಿಗಣೆ ಕಚ್ಚಿಸುವುದೂ ಉಂಟು. ಅದಕ್ಕೆ ಅಂತಲೇ ಸಾಕಿದ ಜಿಗಣೆ, ಔಷಧ ಕಾನೂನಿನ ಕೆಳಗೆ ಬರುತ್ತದೆ. ಅಮೆರಿಕದವರೂ 2004ರಲ್ಲಿ ಜಿಗಣೆಗೆ ಅನುಮತಿ ಕೊಟ್ಟರು. ಅದು ನೀರಿನ ಜಿಗಣೆ, ನಮ್ಮ ತೋಟದ್ದು ಬೇರೆ ಜಾತಿ ಅಂತ ಗೊತ್ತು. ಆದರೂ ಬೆಲೆ ಕೇಳಿದಾಗ, ಮಳೆಗಾಲದಲ್ಲಿ ಉಪ್ಪು ಹಾಕಿ ಬೀಳಿಸಿದವುಗಳೆಲ್ಲ ಕಣ್ಣ ಮುಂದೆ ಬಂದವು.

ಈಗ ಒಪ್ಪಿಕೊಳ್ಳಬೇಕಾದ ಒಂದೆರಡು ಮಾತು. ಮನಸ್ಸಿಲ್ಲದ ಮನಸ್ಸಿನಿಂದ.

ಕಾಲಂನಲ್ಲಿ ಬರೆದ ಮಾತ್ರಕ್ಕೆ ಯಾವುದೂ ಮದ್ದಾಗುವುದಿಲ್ಲ. ಹೋಮಿಯೋಪತಿ ಹುಟ್ಟಿಸಿದ ಹಾನೆಮನ್ ಇದೇ ದೇಶದ ಮೈಸೆನ್‌ನವನು. ಆ ಸಕ್ಕರೆ ಗುಳಿಗೆ ಇಲ್ಲಿ ಔಷಧದ ಅಂಗಡಿಯಲ್ಲಿಯೇ ಮಾರಬೇಕು ಅಂತ ನಿಯಮ ಇದೆ. ವಿಮೆಯಿಂದ ಅದಕ್ಕೆ ದುಡ್ಡು ಕೊಡುವುದನ್ನು ನಿಲ್ಲಿಸುತ್ತೇನೆ ಅಂತ ಆಗಿನ ಆರೋಗ್ಯ ಸಚಿವ ಕಾರ್ಲ್ ಲೌಟರ್‌ಬಾಖ್ 2024ರ ಜನವರಿಯಲ್ಲಿ ಹೇಳಿದಾಗ ದೊಡ್ಡ ಗಲಾಟೆ ಆಯಿತು. ನಮ್ಮ ವಾರ್ಡಿನಲ್ಲಿ ಆ ಗುಳಿಗೆಯೂ ಅಷ್ಟೇ ಗಂಭೀರವಾಗಿ ಕಂಪ್ಯೂಟರಿಗೆ ಏರುತ್ತದೆ. ಐದು ಗುಳಿಗೆ, ನಾಲಿಗೆ ಕೆಳಗೆ, ಬೆಳಿಗ್ಗೆ ಎಂಟು ಗಂಟೆ. ಅಮೆರಿಕದ ನರ್ಸುಗಳು 1970ರ ದಶಕದಲ್ಲಿ ಇನ್ನೊಂದು ಶುರು ಮಾಡಿದ್ದರು. ರೋಗಿಯನ್ನು ಮುಟ್ಟದೆ, ಮೈಮೇಲೆ ಕೈಯಾಡಿಸಿ ಶಕ್ತಿ ಸರಿಪಡಿಸುವುದು. ಎಮಿಲಿ ರೋಸಾ ಅನ್ನುವ ಒಂಬತ್ತು ವರ್ಷದ ಹುಡುಗಿ ಅದನ್ನು ಪರೀಕ್ಷೆ ಮಾಡಿದಳು. ಅಡ್ಡಕ್ಕೆ ಒಂದು ರಟ್ಟು ಇಟ್ಟು, ನನ್ನ ಕೈ ನಿಮ್ಮ ಯಾವ ಕೈಯ ಮೇಲಿದೆ ಹೇಳಿ ಅಂದಳು. 21 ಜನ ಸೇರಿ ಸರಿ ಹೇಳಿದ್ದು ನೂರಕ್ಕೆ 44. ನಾಣ್ಯ ಚಿಮ್ಮಿದ್ದರೆ ಅದಕ್ಕಿಂತ ಜಾಸ್ತಿ ಸರಿ ಬರುತ್ತಿತ್ತು. 1998ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಯಿತು. ಅಂಥದ್ದನ್ನು ಎಷ್ಟು ನೀಟಾಗಿ ಬರೆದಿಟ್ಟರೂ ಏನು ಬಂತು? ನಮ್ಮ ಮೊಸರಿನ ಪಟ್ಟಿ ಕೂಡ, ಸುಮ್ನೆ ಒಂದು ತಂಪು ಬಟ್ಟೆ ಇಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಜಾಸ್ತಿ ಏನು ಮಾಡಿತು ಅಂತ ಕೇಳಿದರೆ ನಾನು ಎದೆ ತಟ್ಟಿ ಹೇಳಲಾರೆ.

ಇನ್ನೊಂದು. ಇಲ್ಲಿ ಸಂಜೆ ಕೆಲವರ ಪಾದಕ್ಕೆ ಲ್ಯಾವೆಂಡರ್ ಎಣ್ಣೆ ತಿಕ್ಕುತ್ತೇವೆ, ನಿದ್ದೆ ಬರಲಿ ಅಂತ. ಅದೂ ಬರೆಯುವ ಕೆಲಸವೇ. ತೊಂಬತ್ತು ದಾಟಿದ ಒಬ್ಬರು ನಾನು ತಿಕ್ಕಿ ಮುಗಿಸಿದರೂ ಕಾಲು ಎಳೆದುಕೊಳ್ಳುವುದಿಲ್ಲ. ಅವರನ್ನು ನೋಡಲು ಬರುವವರು ಯಾರೂ ಇಲ್ಲ. ನಮ್ಮ ಮಡಿಕೇರಿ ಕಡೆ ಇಂಥವರು ಮಲಗಿದ್ದರೆ ಕಾಲು ಒತ್ತಲು ಮೊಮ್ಮಗಳು, ತಲೆಗೆ ಎಣ್ಣೆಗೆ ಸೊಸೆ, ನೆಲದ ಮೇಲೆ ಚಾಪೆ ಹಾಸಿ ಮಲಗಲು ಯಾರು ಅಂತ ಇಬ್ಬರು ಮಕ್ಕಳ ಜಗಳ. ಅದಕ್ಕೆಲ್ಲ ಕಾಲಂ ಬೇಕಾಗಿಲ್ಲ. ಇಲ್ಲಿ ಚಿಕಿತ್ಸೆ ಅನ್ನಿಸಿಕೊಂಡಿರುವುದರಲ್ಲಿ ಅರ್ಧ, ಅಲ್ಲಿ ಸಂಬಂಧಿಕರು ಮಾಡುತ್ತಾರೆ. ಬೈಸಿಕೊಂಡೇ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಇದನ್ನೆಲ್ಲ ನಮ್ಮ ಚಿಕ್ಕಪ್ಪನ ಮಗಳಿಗೆ ಹೇಳಿದೆ. ಅವಳು ಕೊಡಗಿನಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ವಾಯ್ಸ್ ಮೆಸೇಜ್ ಕಳಿಸಿದಳು. ‘ರಾತ್ರಿ ಇಡೀ ವಾರ್ಡಿಗೆ ನಾನೊಬ್ಳೇ ಕಣೋ. ಡ್ರಿಪ್ ಬದಲಿಸ್ಲಾ, ಇಂಜೆಕ್ಷನ್ ಕೊಡ್ಲಾ, ನಿನ್ನ ಮೊಸರನ್ನ ಗಡಿಯಾರ ನೋಡಿ ತೆಗೀಲಾ? ಬೈಯೋದು ನಾವು ಕೆಟ್ಟವರು ಅಂತಲ್ಲ. ಕೂತು ಕೇಳೋಕೆ ಟೈಮ್ ಇಲ್ಲ, ಅದಕ್ಕೆ.’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಕೈಕೆಳಗೆ ಇರುವಷ್ಟು ರೋಗಿಗಳನ್ನು ಇಲ್ಲಿ ಒಬ್ಬರಿಗೆ ಒಪ್ಪಿಸಿದರೆ ಎಲ್ಲರೂ ಕೋಟು ಕಳಚಿಟ್ಟು ಬೀದಿಗೆ ಇಳಿಯುತ್ತಾರೆ, ನಾನೂ ಸೇರಿ. ಮೊಸರು ಬೇಡ, ಲ್ಯಾವೆಂಡರ್ ಬೇಡ, ಆಗಸ್ಟ್ ಮೊದಲ ವಾರ ಸೇರಿದವರಿಗೆ ಬೈಯದೆ ಒಂದು ಮಾತು ಕೇಳಿ, ಶೀಟಿನ ಅಂಚಿನಲ್ಲಿ ಗೀಚಿಡಿ, ಅರ್ಧ ನಿಮಿಷ ಸಾಕಲ್ವಾ ಅಂತ ಬರೆದೆ.

ಬ್ಲೂ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.