ಪಂಪ್ ಬದಲಿಸುವ ಮೊದಲು ಮುಂದಿನ ಚಕ್ರ ಎತ್ತಿ ನೋಡಿ

ನಮ್ಮ ಕಡೆ ಹಳೇ ಟ್ರ್ಯಾಕ್ಟರ್ ಸ್ಟೀರಿಂಗ್ ಬಿಗಿಯಾದರೆ ಮೊದಲು ಬರುವ ಮಾತು, "ಪಂಪ್ ಹೋಗಿದೆ". ಪವರ್ ಸ್ಟೀರಿಂಗಿಗೆ ಒತ್ತಡದಲ್ಲಿ ಆಯಿಲ್ ಕಳಿಸುವ ಪಂಪ್ ಅದು. ಮಂಡ್ಯದ ಹತ್ತಿರ ನಮ್ಮ ದೊಡ್ಡಪ್ಪನ ಗಾಡಿಗೂ ಹೀಗೇ ಆಯಿತು. ಕಬ್ಬು ಸಾಗಿಸುವ ಹೊತ್ತು, ಕಾಯುವಂತಿಲ್ಲ, ಹೊಸ ಪಂಪ್ ಹಾಕಿಸಿದರು. ಸ್ಟೀರಿಂಗ್ ಮಾತ್ರ ಹಾಗೇ ಇತ್ತು. ಕೊನೆಗೆ ನೋಡಿದರೆ ಗ್ರೀಸ್ ಕಾಣದೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಸರೆಯಾಗುವ ಪಿನ್ನು, ಹಿಡಿದುಕೊಂಡಿತ್ತು!

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಪಕ್ಕದ ಹೊಲದ ಅಜ್ಜನ ಹತ್ತಿರ ಫೋರ್ಡ್ 3000 ಇದೆ, 1965ರಿಂದ 1975ರವರೆಗೆ ಬಂದ ಮಾದರಿ. ಅದು ಬಿಗಿಯಾದಾಗ ಅವರು ಪಂಪಿನ ತಂಟೆಗೇ ಹೋಗಲಿಲ್ಲ. ಜಾಕ್ ಕೊಟ್ಟು ಮುಂದಿನ ಆಕ್ಸಲ್ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಟ್ಟು, ಸ್ಟೀರಿಂಗಿಗೆ ಸೇರುವ ರಾಡ್ ಬಿಚ್ಚಿ ಚಕ್ರಗಳನ್ನು ಕೈಯಲ್ಲೇ ಆ ಕಡೆ ಈ ಕಡೆ ತಿರುಗಿಸಿದರು. ಸಲೀಸಾಗಿ ತಿರುಗಿದವು. ಅಂದರೆ ತೊಂದರೆ ಆಯಿಲ್ ಕಡೆ ಇದೆ ಅಂತ ಗೊತ್ತಾಯಿತು. ಪಂಪಿನ ಟ್ಯಾಂಕ್ ತೆಗೆದರೆ ಆಯಿಲ್ ಕಮ್ಮಿ, ಇದ್ದದ್ದೂ ಕಪ್ಪು, ಒಳಗಿನ ಫಿಲ್ಟರ್ ತುಂಬ ಜಿಡ್ಡು. ಎರಡನ್ನೂ ಬದಲಿಸಿ, ರಾಡ್ ಮತ್ತೆ ಕೂಡಿಸಿ, ಚಕ್ರ ಮೇಲಿರುವಾಗಲೇ ಇಂಜಿನ್ ಹಾಕಿ ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಗಾಳಿ ಹೊರಗೆ ಬಿಟ್ಟರು. ಸರಿಹೋಯಿತು. ಹೋಗದಿದ್ದರೆ ಆಯಿಲಿನ ಒತ್ತಡ ಅಳೆಯುವ ಪ್ರೆಶರ್ ಗೇಜ್ ಹಾಕಿ, ಗಾಡಿಯ ಪುಸ್ತಕದಲ್ಲಿರುವ ಅಂಕಿ ಬರುತ್ತಾ ನೋಡಿ, ಆಮೇಲೆ ತಾನೇ ಪಂಪಿನ ಮಾತು?

ಒಂದೇ ಕಡೆ ತಿರುಗಿಸುವಾಗ ಬಿಗಿಯಾದರೆ ಪಂಪಿನ ಮೇಲೆ ಅನುಮಾನ ಬೇಡ, ಸೀಲ್ ಅಥವಾ ವಾಲ್ವ್ ನೋಡಿ. ಆಯಿಲಿನಲ್ಲಿ ನೊರೆ ಬಂದು ಪಂಪ್ ಕುಂಯ್‌ಗುಟ್ಟಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹಾಂ, ಸೋರಿಕೆ ಹುಡುಕಲು ಪೈಪಿನ ಮೇಲೆ ಕೈಯಾಡಿಸಲೇಬೇಡಿ, ಒತ್ತಡದ ಆಯಿಲ್ ಚರ್ಮದೊಳಗೇ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿಯಿರಿ.

ನಮ್ಮವರಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಸೋರುವ ಪಂಪನ್ನು ಬಿಚ್ಚಿ ಬರೀ ಸೀಲ್ ಬದಲಿಸಿ ಮತ್ತೆ ಓಡಿಸುವ ಕೈ ನಮ್ಮ ಊರಿನ ಮೆಕ್ಯಾನಿಕ್‌ಗಳಿಗಿದೆ. ಇಲ್ಲಿ ಕೂಲಿ ಜಾಸ್ತಿ, ಹಾಗಾಗಿ ಎಷ್ಟೋ ಜನ ಪೂರ್ತಿ ಹೊಸದನ್ನೇ ತರಿಸುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಬಿಚ್ಚುವ ಮೊದಲು ಅಳೆಯುವ ಅಭ್ಯಾಸ ನಮಗೆ ಬೇಕೇ ಬೇಕು. ಒಂದು ಗೇಜು ಊರಲ್ಲಿ ನಾಲ್ಕು ಮನೆಯವರು ಸೇರಿ ಇಟ್ಟುಕೊಂಡರೂ ಸಾಕು ಅಲ್ವಾ?

ಈ ಸಲ ಊರಿಗೆ ಹೋಗುವಾಗ ನಾನೇ ಒಂದು ತೆಗೆದುಕೊಂಡು ಹೋಗುತ್ತಿದ್ದೇನೆ. ದೊಡ್ಡಪ್ಪ ಆ ಹಳೇ ಪಂಪನ್ನು ಇನ್ನೂ ಎಸೆದಿಲ್ಲ.