ಹೊಸ ಗಿಟಾರಿಗೆ ಹಳೇ ಗಾಯ

ಕ್ಯಾಲಿಫೋರ್ನಿಯಾದಲ್ಲಿ ಕರೋನಾ ಅಂತ ಒಂದು ಊರಿದೆ. ಹೆಸರು ಕೇಳಿ ಮಾಸ್ಕ್ ಹುಡುಕಬೇಡಿ, ಊರು ಆ ರೋಗಕ್ಕಿಂತ ತುಂಬಾ ಹಳೆಯದು. ಫೆಂಡರ್ ಕಂಪನಿಯ ಕಸ್ಟಮ್ ಶಾಪ್ ಇರುವುದು ಅಲ್ಲೇ. ಅಲ್ಲಿ ಒಬ್ಬ ಕುಶಲಕರ್ಮಿ ಒಳ್ಳೇ ಮರ ಆರಿಸಿ, ಕೊರೆದು, ಉಜ್ಜಿ, ಬಣ್ಣ ಹೊಡೆದು, ಮುಖ ಕಾಣುವಷ್ಟು ಹೊಳಪು ಬರಿಸಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಾನೆ. ಆಮೇಲೆ ಇನ್ನೊಬ್ಬ ಕುಶಲಕರ್ಮಿ ಅದನ್ನು ಅಷ್ಟೇ ಶ್ರದ್ಧೆಯಿಂದ ಹಾಳು ಮಾಡುತ್ತಾನೆ.

ಯಾರೂ ಅವನನ್ನು ಬೈಯುವುದಿಲ್ಲ. ಅವನಿಗೆ ಅದಕ್ಕೇ ಸಂಬಳ.

ಇದಕ್ಕೆ ರೆಲಿಕ್ ಮಾಡೋದು ಅಂತಾರೆ. ಹೊಸ ಗಿಟಾರು ಮೂವತ್ತು ನಲವತ್ತು ವರ್ಷ ಬಾರು, ಬಸ್ಸು, ಸ್ಟೇಜು ಅಂತ ಅಲೆದು ಬಂದ ಹಾಗೆ ಕಾಣಬೇಕು. ಈ ಕಸುಬಿನಲ್ಲಿ ಪಟ್ಟುಗಳು ಬೇಕಾದಷ್ಟಿವೆ. ಕೀಗೊಂಚಲಿನಿಂದ ಬಡಿದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಹಿಂಬದಿಗೆ ಬೆಲ್ಟಿನ ಬಕಲ್ ಉಜ್ಜಿದ ಗುರುತು. ಮುಂಗೈ ಒರಗುವ ಜಾಗದಲ್ಲಿ ಮರ ಕಾಣುವವರೆಗೆ ಸ್ಯಾಂಡ್‌ಪೇಪರ್. ಸ್ಕ್ರೂಗಳಿಗೆ ಆಸಿಡ್ ಹೊಗೆ ಕೊಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಬಿಳೀ ಪ್ಲಾಸ್ಟಿಕ್ಕನ್ನು ಕಾಫಿಯಲ್ಲೋ ಟೀಯಲ್ಲೋ ನೆನೆಹಾಕಿದರೆ ಹಳದಿ.

ಬಿರುಕು ಬರಿಸುವ ಕೆಲಸ ಇನ್ನೂ ನಾಜೂಕು. 1950ರ ದಶಕದ ಗಿಟಾರುಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನುವ ಮೆರುಗೆಣ್ಣೆ ಬಳಿಯುತ್ತಿದ್ದರು. ಚಳಿಗೆ ಬಿಸಿಗೆ ಮರ ಹಿಗ್ಗಿ ಕುಗ್ಗುವುದು ಒಂದು ಅಳತೆ, ಲ್ಯಾಕರ್ ಇನ್ನೊಂದು ಅಳತೆ. ವರ್ಷಗಳು ಕಳೆದ ಹಾಗೆ ಲ್ಯಾಕರ್ ಒಣಗಿ ಗಟ್ಟಿಯಾಗಿ, ಕೂದಲೆಳೆಯ ಬಿರುಕು ಬಿಡುತ್ತದೆ. ಅಷ್ಟು ವರ್ಷ ಕಾಯೋರು ಯಾರು? ಹಾಗಾಗಿ ಗಿಟಾರನ್ನು ಫ್ರೀಜರಿಗೆ ಹಾಕಿ, ತೆಗೆದು, ಬೆಚ್ಚಗಿನ ಜಾಗದಲ್ಲಿ ಇಡುತ್ತಾರೆ. ಟಪ್ ಟಪ್ ಅಂತ ಬಿರುಕು. ಫ್ರೀಜರನ್ನೂ ನಂಬದವರು ರೇಜರ್ ಬ್ಲೇಡ್ ಹಿಡಿದು ಒಂದೊಂದೇ ಗೆರೆ ಎಳೆಯುತ್ತಾರೆ.

ಎಷ್ಟು ಹಾಳಾಗಿರಬೇಕು ಅಂತ ನೀವೇ ಹೇಳಬಹುದು, ಮಸಾಲೆ ದೋಸೆ ಎಷ್ಟು ರೋಸ್ಟ್ ಇರಲಿ ಸಾರ್ ಅಂತ ಕೇಳಿದ ಹಾಗೆ. 'ಕ್ಲಾಸೆಟ್ ಕ್ಲಾಸಿಕ್' ಅಂದರೆ ಯಾರೋ ಆಗ ಕೊಂಡು, ನಾಲ್ಕು ದಿನ ಬಾರಿಸಿ, ಬೀರುವಿಗೆ ಸೇರಿಸಿದ್ದು. 'ಜರ್ನಿಮನ್' ಅಂದರೆ ಬಾರಿಸಿದವನು ಜಾಗ್ರತೆ ಮನುಷ್ಯ. ಆಮೇಲೆ 'ರೆಲಿಕ್', 'ಹೆವಿ ರೆಲಿಕ್', 'ಸೂಪರ್ ಹೆವಿ ರೆಲಿಕ್'. ಕೊನೆಯದನ್ನು ನೋಡಿದರೆ ವಾದ್ಯಕ್ಕಿಂತ ಮೊದಲು ಅದರ ಮಾಲೀಕನನ್ನು ಆಸ್ಪತ್ರೆಗೆ ಸೇರಿಸಬೇಕು ಅನ್ನಿಸುತ್ತದೆ. ಗಿಬ್ಸನ್ ಕಂಪನಿಯವರ ಮರ್ಫಿ ಲ್ಯಾಬ್‌ನಲ್ಲೂ 'ಅಲ್ಟ್ರಾ ಲೈಟ್'ನಿಂದ 'ಅಲ್ಟ್ರಾ ಹೆವಿ'ವರೆಗೆ ಮೆಟ್ಟಿಲುಗಳಿವೆ. ಮೆಟ್ಟಿಲು ಏರಿದ ಹಾಗೆ ಗಿಟಾರು ಕೆಡುತ್ತದೆ, ಬೆಲೆ ಏರುತ್ತದೆ. ಸುಮ್ನೆ ಗೀರಿಲ್ಲದ ಗಿಟಾರು ಕೊಡಿ ಅಂದರೆ ಜಾಸ್ತಿ ಅಗ್ಗ.

ಇದು ಶುರುವಾದ ಕತೆ ಚೆನ್ನಾಗಿದೆ. ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ಗೆ ಹಳೇ ಮಾದರಿಯ ಗಿಟಾರುಗಳನ್ನು ಹೊಸದಾಗಿ ಮಾಡಿ ಕೊಟ್ಟರಂತೆ. ತೀರಾ ಹೊಸದಾಗಿ ಕಾಣುತ್ತಿವೆ, ಒಂದಿಷ್ಟು ಜಜ್ಜಿ ಕೊಡಿ ಅಂದರಂತೆ ಅವರು. ಆ ಮನುಷ್ಯನ ಮುಖ ನೋಡಿದವರಿಗೆ ಈ ಬೇಡಿಕೆಯಲ್ಲಿ ತಪ್ಪು ಕಾಣುವುದಿಲ್ಲ. ಪಕ್ಕದಲ್ಲಿ ಹೊಳೆಯುವ ಗಿಟಾರಿದ್ದರೆ ಜೋಡಿ ಹೊಂದಬೇಕಲ್ಲ. ಆದರೆ 1995ರಲ್ಲಿ ಫೆಂಡರ್ ಇದನ್ನೇ ಮಾರಾಟಕ್ಕಿಟ್ಟಾಗ ಸಾಲು ನಿಂತವರು ಕೀತ್ ರಿಚರ್ಡ್ಸ್‌ಗಳಲ್ಲ. 2009ರಲ್ಲಿ ಮೆಕ್ಸಿಕೋದ ಕಾರ್ಖಾನೆಯಿಂದ 'ರೋಡ್ ವೋರ್ನ್' ಅಂತ ಅಗ್ಗದ ಸರಣಿಯೂ ಬಂತು. ದುಡ್ಡು ಕಡಿಮೆ ಇದ್ದವರೂ ಬಡವರ ಹಾಗೆ ಕಾಣಲಿ ಅಂತ.

ಅದೇ 1995ರಲ್ಲಿ ರೋರಿ ಗ್ಯಾಲಹರ್ ತೀರಿಕೊಂಡರು. ಐರ್ಲೆಂಡಿನ ಗಿಟಾರ್ ವಾದಕರು, ಇನ್ನೂ 47 ವರ್ಷ. 1963ರಲ್ಲಿ, ಹದಿನೈದರ ಹುಡುಗ, ಕಾರ್ಕ್ ಊರಿನ ಅಂಗಡಿಯಲ್ಲಿ 100 ಪೌಂಡಿಗೆ ಸಾಲದ ಮೇಲೆ ಫೆಂಡರ್‌ನವರ ಒಂದು ಸ್ಟ್ರಾಟೋಕ್ಯಾಸ್ಟರ್ ಗಿಟಾರು ಕೊಂಡರು. ಅದನ್ನೇ ಜೀವನವಿಡೀ ಬಾರಿಸಿದರು. ಬೆವರಿಗೆ ಬಣ್ಣ ಎದ್ದು ಹೋಯಿತು. ಒಮ್ಮೆ ಯಾರೋ ಕದ್ದರು, ಮಳೆಯಲ್ಲಿ ಬಿಸಾಡಿದ್ದು ಮತ್ತೆ ಸಿಕ್ಕಿತು. ಕೊನೆಗೆ ಮೈಮೇಲೆ ಬಣ್ಣಕ್ಕಿಂತ ಬರೀ ಮರವೇ ಜಾಸ್ತಿ. 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 8,89,400 ಪೌಂಡಿಗೆ ಹೋಯಿತು, ಕೊಂಡವರು ಐರ್ಲೆಂಡಿನ ನ್ಯಾಷನಲ್ ಮ್ಯೂಸಿಯಮ್ಮಿಗೆ ಕೊಟ್ಟರು. ಅದೇ ಗಿಟಾರಿನ ನಕಲನ್ನು ಫೆಂಡರ್ ಮಾಡಿ ಮಾರಿತು. ಮೂವತ್ತು ವರ್ಷದ ಬೆವರು ಸ್ಯಾಂಡ್‌ಪೇಪರಿನಲ್ಲಿ ಬಂತು, ಸಾಲದ ಕಂತು ಮಾತ್ರ ಬರಲಿಲ್ಲ.

ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಕತೆ ಇನ್ನೂ ಮಜಾ. ಆಸಾಮಿ 50 ಡಾಲರಿನ ಗಿಟಾರ್ ಒಡಲಿಗೆ 80 ಡಾಲರಿನ ನೆಕ್, ಅಂದರೆ ಕತ್ತು, ಜೋಡಿಸಿ, ತಾನೇ ಪಟ್ಟೆಪಟ್ಟೆ ಬಣ್ಣ ಹೊಡೆದು ಗಿಟಾರು ಕಟ್ಟಿಕೊಂಡಿದ್ದರು. ಹೆಸರು ಫ್ರಾಂಕನ್‌ಸ್ಟೈನ್. ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಹಿಂದಕ್ಕೆ ಕೂರದಿರಲಿ ಅಂತ ಅದರ ಅಡಿಯಲ್ಲಿ 1971ರ ಒಂದು ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ ಕೂರಿಸಿದ್ದರು. ಕೈಗೆ ಸಿಕ್ಕಿದ್ದು ಅದು, ಅಷ್ಟೇ. 2007ರಲ್ಲಿ ಫೆಂಡರ್ ಇದರ 300 ನಕಲು ಮಾಡಿತು, ಒಂದಕ್ಕೆ 25,000 ಡಾಲರ್. ಸಿಗರೇಟಿನ ಸುಟ್ಟ ಗುರುತು ಸಮೇತ. ನಾಣ್ಯವೂ 1971ರದ್ದೇ. ಯಾವುದೋ ಮೀಟಿಂಗಿನಲ್ಲಿ ಒಬ್ಬರು '72ರದ್ದು ನಡೆಯುತ್ತಾ' ಅಂತ ಕೇಳಿ, ಉಳಿದವರು ಅವರನ್ನು ದುರುಗುಟ್ಟಿ ನೋಡಿರಬೇಕು.

ಒಂದು ಮಾತು ಒಪ್ಪಬೇಕು. ಬಾರಿಸಿ ಸವೆದ ನೆಕ್ ಕೈಗೆ ಹಿತ. ಅಂಚುಗಳು ದುಂಡಗಾಗಿ, ಬೆರಳು ಸಲೀಸಾಗಿ ಓಡುತ್ತವೆ. ಅಷ್ಟನ್ನು ಕಾರ್ಖಾನೆಯಲ್ಲೇ ಮಾಡಿಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಸಿಗರೇಟಿನ ಸುಟ್ಟ ಗುರುತು ಯಾವ ಬೆರಳಿಗೆ ಹಿತ? ಅದೂ ಕೊಳ್ಳುವವರು ಗ್ರೀನ್ ಟೀ ಬಿಟ್ಟು ಇನ್ನೇನೂ ಮುಟ್ಟದವರು.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮವರೊಬ್ಬರಿದ್ದಾರೆ. ಸಾಫ್ಟ್‌ವೇರ್ ಮ್ಯಾನೇಜರ್, ಹಾಸನದ ಕಡೆಯವರು. ಬೋನಸ್ ಬಂದ ವರ್ಷ ಒಂದು ಹೆವಿ ರೆಲಿಕ್ ತಂದರು. ಜೊತೆಗೆ ಇದು ಅಸಲಿ ಅಂತ ಸರ್ಟಿಫಿಕೇಟು. ಅಸಲಿ ಏನು ಅಂತ ಕೇಳಬಾರದು. ಗೋಡೆಗೆ ನೇತುಹಾಕಿ, ಮಕ್ಕಳು ಹತ್ತಿರ ಸುಳಿಯದ ಹಾಗೆ ಸೋಫಾ ಅಡ್ಡ ಇಟ್ಟರು. ಇರುವ ಐವತ್ತು ಗೀರಿಗೆ ಐವತ್ತೊಂದನೆಯದು ಸೇರಬಾರದಲ್ವಾ? ಐವತ್ತು ಕಂಪನಿಯದು, ಐವತ್ತೊಂದು ಡ್ಯಾಮೇಜು.

ಬೇಸಿಗೆಯಲ್ಲಿ ಊರಿಂದ ಅಮ್ಮ ಬಂದರು.

"ಏನೋ ಇದು, ಸೆಕೆಂಡ್ ಹ್ಯಾಂಡಾ?"

"ಇಲ್ಲಮ್ಮ, ಹೊಸದು."

"ಮತ್ತೆ ಬಣ್ಣ ಎಲ್ಲಾ ಕಿತ್ತೋಗಿದೆ?"

"ಅದಕ್ಕೇ ಅಮ್ಮ ಜಾಸ್ತಿ ದುಡ್ಡು ಕೊಟ್ಟಿದ್ದು."

"ಬಿಲ್ ಇದ್ರೆ ವಾಪಸ್ ತಗೋತಾರೇನೋ ಕೇಳು. ಪಾಪ, ಅವನ್ಯಾರೋ ನಿಂಗೆ ಟೋಪಿ ಹಾಕಿದಾನೆ."

ಮಗ ಟೋಪಿ ಅಲ್ಲ ಅಂತ ವಿವರಿಸಿದರು. ಅಮ್ಮ ತಲೆಯಾಡಿಸಿದರು. ಮಗ ಆಫೀಸಿಗೆ ಹೋದ ಮೇಲೆ, ಹುಣಸೆಹಣ್ಣಿಗೆ ಒಂದು ಚಿಟಿಕೆ ಉಪ್ಪು ಸೇರಿಸಿ, ಹಳೇ ಬಟ್ಟೆ ಹಿಡಿದು ಕೂತರು. ಬ್ರಿಡ್ಜು, ಸ್ಕ್ರೂ, ತಂತಿ ಬಿಗಿಯುವ ಕಿವಿಗಳು, ಒಂದನ್ನೂ ಬಿಡಲಿಲ್ಲ. ಸಂಜೆ ಮಗ ಬರುವ ಹೊತ್ತಿಗೆ ಎಲ್ಲಾ ಫಳಫಳ. ದೇವರ ಮನೆಯ ಸಾಮಾನಿನ ಜೊತೆಗೇ ಒರೆಸಿ ಇಟ್ಟಿದ್ದರು. ಕ್ಯಾಲಿಫೋರ್ನಿಯಾದ ಪರಿಣತರು ಹಿಡಿಸಿದ ನಲವತ್ತು ವರ್ಷದ ತುಕ್ಕು ಒಂದು ಮಧ್ಯಾಹ್ನದಲ್ಲಿ ಸಿಂಕಿನಲ್ಲಿ ಹರಿದು ಹೋಗಿತ್ತು.

ಈಗ ಅವರು ಮತ್ತೆ ತುಕ್ಕು ಹಿಡಿಸಲು ಎಷ್ಟಾಗುತ್ತದೆ ಅಂತ ಅಲ್ಲಿ ಇಲ್ಲಿ ವಿಚಾರಿಸುತ್ತಿದ್ದಾರೆ. ಅಮೆರಿಕದ ರೇಟು ಕೇಳಿ ನನಗೇ ಎದೆ ಧಸಕ್ಕೆಂದಿತು. ಅದಕ್ಕೇ ಒಂದು ಯೋಜನೆ ಮುಂದಿಡುತ್ತಿದ್ದೇನೆ. ಜೂನ್ ಮೊದಲ ವಾರ ಗಿಟಾರನ್ನು ಮಂಗಳೂರಿಗೆ ಕಳಿಸಿ. ಸಮುದ್ರದ ಗಾಳಿ ಬೀಸುವ ಜಗುಲಿಯಲ್ಲಿ ನೇತುಹಾಕುತ್ತೇವೆ. ಕಿಟಕಿಯ ಸರಳೇ ಉಳಿಯದ ಊರು, ಸ್ಕ್ರೂ ಯಾವ ಲೆಕ್ಕ? ಆಸಿಡ್ ಬೇಡ, ಫ್ರೀಜರ್ ಬೇಡ. ಹೆವಿ ರೆಲಿಕ್ ಬೇಕಾದವರಿಗೆ ಆಗುಂಬೆಯಲ್ಲಿ ಪೂರ್ತಿ ಮಳೆಗಾಲದ ಪ್ಯಾಕೇಜು, ಬೂಸ್ಟು ಗ್ಯಾರಂಟಿ. ಸೂಪರ್ ಹೆವಿಗೆ ಅಟ್ಟದ ಮೇಲೆ ಅಡಿಕೆ ಮೂಟೆಯ ಪಕ್ಕ ಜಾಗ. ಇಲಿ ಕಡಿದ ಗುರುತಿಗೆ ಚಾರ್ಜು ಇಲ್ಲ. ಸರ್ಟಿಫಿಕೇಟಿಗೆ ಪಂಚಾಯ್ತಿ ಸೀಲು ಬೇಕು ಅಂದರೆ ಮಾತ್ರ ಸ್ವಲ್ಪ ಖರ್ಚಾಗುತ್ತದೆ.